ಬೀಳದೇ ಹೋದ ಜಾಯಿಂಟ್ ವೀಲು

1

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕೋ ಗೊತ್ತಾಗುತ್ತಿಲ್ಲ ಎಂದು ಬರೆದರೆ ಅದು ಸುಳ್ಳು. ಗೊತ್ತಿದೆ. ಅಪಘಾತದಿಂದ ಶುರುಮಾಡಬೇಕು. ಭಾನುವಾರದ ಇಳಿಹೊತ್ತು, ಜಾಯಿಂಟ್ ವೀಲಿನ ತುದಿಯಲ್ಲಿ ಒಂದು ತೊಟ್ಟಿಲು ವಾಲುತ್ತದೆ, ಕೆಳಗಿದ್ದವರು ಬಾಯಿಗೆ ಕೈ ಹಿಡಿಯುತ್ತಾರೆ. ಓದುಗರೇ, ಹಾಗೆ ಶುರುವಾದ ಕಥೆಯನ್ನು ನೀವು ಕೆಳಗಿಡುತ್ತಿರಲಿಲ್ಲ. ಆ ಪ್ಯಾರಾವನ್ನು ನಾಲ್ಕು ಸಲ ಬರೆದಿದ್ದೇನೆ. ನಾಲ್ಕೂ ಸಲ ಚೆನ್ನಾಗಿಯೇ ಬಂತು. (ಒಂದರಲ್ಲಿ ಗಾಳಿಗೆ ಹಾರಿಹೋಗುವ ಕೆಂಪು ದುಪಟ್ಟಾ ಕೂಡ ಇತ್ತು. ನನಗೆ ನಾಚಿಕೆಯಾಗಬೇಕು.)

ತೊಂದರೆಯೆಂದರೆ ಅಪಘಾತ ಆಗಲೇ ಇಲ್ಲ. ಅಂಬುಬಾಯಿ ಎಂಬ ಹೆಂಗಸು ಅದನ್ನು ಆಗಗೊಡಲಿಲ್ಲ. ಆಗದೇ ಹೋದದ್ದನ್ನು ಬರೆಯುವುದು ಹೇಗೆ?

ತಡೆಯಿರಿ. ಮತ್ತೆ ಮೊದಲಿಂದ.

1 (ಮತ್ತೆ)

ನನ್ನ ಹೆಸರು ಕುಮುದಾ. ಊರು ಮೈಸೂರು. 2002ರಲ್ಲಿ, ಅಂದರೆ ಹೈದರಾಬಾದಿನ ಮಾಧಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲದಲ್ಲಿ, ಅಂಥದೇ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಕೂತು ಸಾಫ್ಟ್‌ವೇರಿಗೆ ಕೈಪಿಡಿ ಬರೆಯುವುದು ನನ್ನ ಕೆಲಸ. ‘ಈ ಬಟನ್ ಒತ್ತಿ, ಆ ಕಿಟಕಿ ತೆರೆಯುತ್ತದೆ’ ಎಂಬ ಬಗೆಯ ಸಾಹಿತ್ಯ. ಯಾರೂ ಓದುವುದಿಲ್ಲ. ಏನಾದರೂ ಕೆಟ್ಟಾಗ ಓದುತ್ತಾರೆ, ಓದಿ ಬರೆದವರನ್ನು ಬೈಯುತ್ತಾರೆ.

ಆ ಜನವರಿಯಲ್ಲಿ ನಮ್ಮ ಟೀಮ್ ಔಟಿಂಗ್ ಇತ್ತು. ಊರಾಚೆಯ ದೊಡ್ಡ ಪಾರ್ಕಿನಲ್ಲಿ ಬುಕಿಂಗ್ ಸಿಗದೆ ಸನತ್‌ನಗರದ ಹತ್ತಿರದ ಚಮನ್ ಪಾರ್ಕಿಗೆ ಹೋದೆವು. ಕಾರ್ಖಾನೆ ಕೆಲಸಗಾರರ ಮನೆಮಂದಿ ಭಾನುವಾರ ಬಂದು ಮಿರ್ಚಿ ತಿಂದು ಹೋಗುವ ಚಿಕ್ಕ ಪಾರ್ಕು. ನಡುವೆ ಹನ್ನೆರಡು ತೊಟ್ಟಿಲಿನ ಜಾಯಿಂಟ್ ವೀಲು. ನಲವತ್ತು ಅಡಿ ಎತ್ತರ, ಅಷ್ಟೇ. ಹಳದಿ ಬಣ್ಣ ಎದ್ದಲ್ಲಿ ಹಸಿರು, ಹಸಿರು ಎದ್ದಲ್ಲಿ ಕಬ್ಬಿಣ. ಕೂತವರ ಮುಂದೆ ಒಂದು ಸರಪಳಿ ಸಿಕ್ಕಿಸುತ್ತಾರೆ, ಅದೇ ಸೇಫ್ಟಿ. ತಿರುಗುವಾಗ ಕಿರ್ರ್ ಎಂದು ಸದ್ದು. ಮೇಲೆ ಹೋದರೆ ಒಂದು ಕಡೆ ಬಾಲಾನಗರದ ಶೆಡ್ಡುಗಳ ತಗಡು, ಇನ್ನೊಂದು ಕಡೆ, ದೂರದಲ್ಲಿ, ಬೆಂಕಿಪೊಟ್ಟಣದಷ್ಟು ನಮ್ಮ ಆಫೀಸು. ಆಫೀಸನ್ನು ಅಷ್ಟು ಚಿಕ್ಕದಾಗಿ ನೋಡಿದ್ದು ಅದೇ ಮೊದಲು. ನನಗೆ ಆ ವೀಲು ವಿಪರೀತ ಇಷ್ಟವಾಗಿಬಿಟ್ಟಿತು.

ಪಕ್ಕದಲ್ಲಿದ್ದ ಭರತನಿಗೆ ಸುತರಾಂ ಆಗಲಿಲ್ಲ. ಭರತ ಮಂಗಳೂರಿನವನು, ನಮ್ಮ ಟೀಮಿನ ಟೆಸ್ಟರ್.

“ಎಂತ ಮಾರಾಯ್ತಿ ಇದು? ನಮ್ಮಜ್ಜಿಯ ಗ್ರೈಂಡರ್ ಇದಕ್ಕಿಂತ ಫಾಸ್ಟ್ ತಿರುಗ್ತದೆ.”

“ಆ ಸದ್ದು ಕೇಳು. ಎಷ್ಟು ಚೆನ್ನಾಗಿದೆ.”

“ಸದ್ದಲ್ಲ ಅದು, ಬಗ್.”

(ತಮಾಷೆಗೆ ಅಂದದ್ದು. ಅವನಿಗೆ ಏನೋ ಹೊಳೆದಿತ್ತು ಅಂತ ನೀವು ಅಂದುಕೊಳ್ಳಬೇಡಿ. ಅವನಿಗೆ ಹಸಿವಾಗಿತ್ತು.)

2

ಹೊರಗೆ ಬರುವಾಗ ಗೇಟಿನ ಮೇಲೊಂದು ಬೋರ್ಡು: ಜೂನ್‌ನಿಂದ ಜಾಯಿಂಟ್ ವೀಲಿನ ಜಾಗದಲ್ಲಿ ಹೊಸ ಟವರ್ ರೈಡ್. ಮರುದಿನ ಬೆಳಿಗ್ಗೆ ನಾನು ಇಡೀ ಆಫೀಸಿಗೆ ಒಂದು ಮೇಲ್ ಹಾಕಿದೆ, ಆ ವೀಲನ್ನು ತೆಗೆಯಬಾರದು ಎಂದು. ಅರ್ಧ ಗಂಟೆಯಲ್ಲಿ ಆಫೀಸು ಎರಡು ಹೋಳಾಯಿತು.

ಒಂದು ಪಕ್ಷದ ಪ್ರಕಾರ ಅದು ಸ್ಲೋ, ಬೋರಿಂಗ್, ತುಕ್ಕಿನ ಡಬ್ಬ, ಇಪ್ಪತ್ತೊಂದನೇ ಶತಮಾನಕ್ಕೆ ಅವಮಾನ. ಇನ್ನೊಂದು ಪಕ್ಷದ ಪ್ರಕಾರ ಹೊಸ ರೈಡುಗಳಲ್ಲಿ ಕಣ್ಣು ಮುಚ್ಚಿಕೊಂಡು ಕೂರಬೇಕು, ಇದರಲ್ಲಿ ಕಣ್ಣು ತೆರೆದು ಕೂರಬಹುದು. ಒಬ್ಬಾಕೆ ತನ್ನ ಮದುವೆ ನಿಶ್ಚಯವಾದದ್ದೇ ಏಳನೇ ತೊಟ್ಟಿಲಿನಲ್ಲಿ ಎಂದು ಬರೆದಳು. ಕೊನೆಗೆ ಮ್ಯಾನೇಜರು ‘ರಿಪ್ಲೈ ಆಲ್’ ನಿಷೇಧಿಸಿದರು, ಅದನ್ನೂ ರಿಪ್ಲೈ ಆಲ್‌ನಲ್ಲೇ.

ನಾನು ಬಿಡಲಿಲ್ಲ. ‘ಕಿರ್ರ್ ಉಳಿಸಿ’ ಎಂದು ಮನವಿಪತ್ರ ಬರೆದೆ. ‘ಆ ಸದ್ದೇ ಅದರ ಆತ್ಮ’ ಎಂಬ ಸಾಲಿಗೆ ನಾನೇ ಮರುಳಾದೆ. ಪತ್ರ ಬೇರೆ ಕಂಪನಿಗಳಿಗೂ ಹೋಯಿತು. ತಿಂಗಳಲ್ಲಿ ನಾನೂರಾ ಹನ್ನೆರಡು ಸಹಿ. ಸಹಿ ಹಾಕಿದವರು ಭಾನುವಾರ ಭಾನುವಾರ ವೀಲು ನೋಡಲು, ಹತ್ತಲು, ಫೋಟೋ ಹೊಡೆಯಲು ಪಾರ್ಕಿಗೆ ಹೋಗತೊಡಗಿದರು. ಕಥೆ ನಾನಂದುಕೊಂಡ ದಾರಿಯಲ್ಲೇ ನಡೆಯುತ್ತಿತ್ತು.

3

(ಇಲ್ಲಿ ಮೊದಲು ‘ಬಡ ಅಂಬುಬಾಯಿಯ ಕಣ್ಣಲ್ಲಿ ನೀರು ತುಂಬಿತು’ ಎಂದಿತ್ತು. ಹರಿದು ಹಾಕಿದ್ದೇನೆ. ಆಕೆ ಅಳುವುದನ್ನು ನಾನು ನೋಡಿಯೇ ಇಲ್ಲ.)

ವೀಲು ನಡೆಸುವವರ ಸಹಿ ಪತ್ರದಲ್ಲಿ ಎಲ್ಲರಿಗಿಂತ ಮೇಲಿರಬೇಕೆಂದು ಜಾಗ ಬಿಟ್ಟಿದ್ದೆ. ಫೆಬ್ರವರಿಯ ಒಂದು ಮಧ್ಯಾಹ್ನ ಪತ್ರ ಹಿಡಿದು ಹೋದೆ. ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟ, ಐವತ್ತರ ಆಸುಪಾಸಿನ ಹೆಂಗಸು ಲಿವರ್ ಹಿಡಿದು ನಿಂತು, ಮೇಲೆ ನೋಡಿ ಕೂಗುತ್ತಿದ್ದಳು: “ಏ, ಎದ್ದು ನಿಂದರಬ್ಯಾಡ! ಕುಂದ್ರು!”

ಕನ್ನಡ! ನನಗೆ ಆದ ಸಂತೋಷ ಹೇಳತೀರದು. ಸುರಪುರದ ಕಡೆಯವಳು ಎಂದು ಗೊತ್ತಾಯಿತು. ಹತ್ತೊಂಬತ್ತು ವರ್ಷದಿಂದ ಅದೇ ಲಿವರು.

“ಅಂಬುಬಾಯಿಯವರೇ, ನಿಮ್ಮ ವೀಲು ಉಳಿಸೋಕೆ ನಾನೂರು ಜನ ಸಹಿ ಹಾಕಿದ್ದಾರೆ. ಮೊದಲನೇ ಸಹಿ ನಿಮ್ಮದು.”

“ಏನ ಬರದೀರಿ, ಓದ್ರಿ ಅಕ್ಕಾರ.”

ಓದಿದೆ. ‘ಆ ಸದ್ದೇ ಅದರ ಆತ್ಮ’ ಎನ್ನುವಲ್ಲಿ ಆಕೆ ಕೈ ಎತ್ತಿ ನಿಲ್ಲಿಸಿದಳು.

“ಯಾವ ಸದ್ದರಿ?”

“ಇದೇ. ಕಿರ್ರ್.”

“ಕಿರ್ ಅನ್ನೋದು ತೊಟ್ಟಿಲದ ಕೊಂಡಿ. ನಾಕ ಹನಿ ಎಣ್ಣಿ ಬಿಟ್ರ ಸುಮ್ಮನಾಗತೈತಿ, ಅದರ ಚಿಂತಿಲ್ಲ. ಒಂದ ತಿಂಗಳಾತು, ಒಳಗ ಕಟ್ ಅನ್ನಾಕತ್ತೈತಿ. ಅದು ಕೇಳಸ್ತೇನ್ರಿ ನಿಮಗ?”

ನನಗೇನೂ ಕೇಳಿಸಲಿಲ್ಲ. ಆಕೆ ನನ್ನ ಅಂಗೈ ಹಿಡಿದು ವೀಲನ್ನು ಹೊತ್ತ ಕಬ್ಬಿಣದ ಕಂಬಕ್ಕೆ ಒತ್ತಿದಳು. ಒಂದು ಸುತ್ತು ಬಂತು. ಯಾರೋ ಒಳಗಿನಿಂದ ಗೆಣ್ಣಿನಲ್ಲಿ ಕುಟ್ಟಿದ ಹಾಗೆ ಒಂದು ಏಟು ಕೈಗೆ ತಾಗಿತು. ಇನ್ನೊಂದು ಸುತ್ತು. ಅದೇ ಜಾಗದಲ್ಲಿ ಮತ್ತೊಂದು ಏಟು.

“ಎಲ್ಲಾ ತೊಟ್ಟಿಲು ಹೊತ್ತ ತಿರುಗೋ ನಡುವಿನ ಶಾಫ್ಟ್ ಐತಲ್ಲ, ಅದರಾಗ ಏನೋ ಆಗೈತಿ. ನಾ ಸಹಿ ಮಾಡಂಗಿಲ್ಲರಿ. ನನಗ ಇದು ನಿಲ್ಲಬೇಕು.”

ಓದುಗರೇ, ನಾನು ಉಳಿಸಲು ಹೊರಟ ವೀಲನ್ನು ನಿಲ್ಲಿಸಲು ಹೊರಟಿದ್ದವಳು ಅದನ್ನು ನಡೆಸುವವಳೇ. ಇಂಥ ಪಾತ್ರವನ್ನು ಕಟ್ಟಿಕೊಂಡು ಯಾವ ಕಥೆ ಬರೆಯುವುದು?

ಅಷ್ಟರಲ್ಲಿ ಆಕೆಯ ಗಂಡ ಗೊಲ್ಲಾಳಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು. ಅದು ಮುಚ್ಚಿದ ಮೇಲೆ ಪಾರ್ಕಿನ ಎಲ್ಲ ಯಂತ್ರಗಳ ರಿಪೇರಿ ಅವನದೇ.

“ಇಕಿ ಕಿವ್ಯಾಗ ಇಲಿ ಹೊಕ್ಕೈತ್ರಿ ಬಾಯಾರ,” ಎಂದ. “ಹತ್ತೊಂಬತ್ತು ವರ್ಷ ನಾ ಗ್ರೀಸ್ ಹಚ್ಚೀನಿ. ಇದರ ನಾಡಿ ನನಗ ಗೊತ್ತಿಲ್ಲೇನು?”

“ಗ್ರೀಸ್ ಹಚ್ಚೀರಿ ಖರೆ. ಬಿಚ್ಚಿ ನೋಡೀರೇನು?”

“ಬಿಚ್ಚಿದ್ರ ನಾಕ ದಿನ ಬಂದ್. ಪ್ರಸಾದಗಾರು ಬಿಡ್ತಾರೇನು? ಜೂನ್‌ನ್ಯಾಗ ಹೆಂಗಿದ್ರೂ ತಗೀತಾರ.”

ಪ್ರಸಾದಗಾರು ಎಂದರೆ ಪಾರ್ಕಿನ ಮ್ಯಾನೇಜರು. ಅಂಬುಬಾಯಿ ಅವರಿಗೆ ಮೂರು ಸಲ ಹೇಳಿದ್ದಳಂತೆ. ಮೂರು ಸಲವೂ ಅವರು ಗಂಡನನ್ನು ಕರೆದು ಕೇಳಿದ್ದರು, ಗಂಡ ಏನೂ ಆಗಿಲ್ಲ ಎಂದಿದ್ದ.

ನಾನು ಹೊರಡುವಾಗ ಆಕೆ ಹಿಂದಿನಿಂದ ಹೇಳಿದಳು: “ಅಕ್ಕಾರ, ಮೊದಲ ಅರ್ಧ ತೊಟ್ಟಿಲು ತುಂಬತಿದ್ವು. ನಿಮ್ಮ ಕಾಗದ ಓದಿ ಮಂದಿ ಬಂದ ಬಂದ ಈಗ ಹನ್ನೆರಡೂ ತುಂಬತಾವು. ಮಂದಿ ವಜ್ಜಾ ಹೆಚ್ಚಾದಂಗ ಕಟ್ ಜೋರಾಗತೈತಿ.”

ಮನೆಗೆ ಹೋಗಿ ನಾನೇನು ಮಾಡಿದೆ? ಏನೂ ಮಾಡಲಿಲ್ಲ. ಫಿಟ್ಟರೇ ಸರಿಯಿದೆ ಅಂದಮೇಲೆ ಸರಿಯೇ ಇರಬೇಕು ಎಂದುಕೊಂಡೆ. ಅಂಗೈಗೆ ತಾಗಿದ ಏಟು ಸುಳ್ಳೆಂದು ನನಗೆ ನಾನೇ ಒಪ್ಪಿಸಿಕೊಂಡೆ. ನಾನೂರಾ ಹನ್ನೆರಡು ಸಹಿ ಇದ್ದವಲ್ಲ. ಈ ಪ್ಯಾರಾವನ್ನು ಬಿಟ್ಟುಬಿಡೋಣ ಎಂದು ತುಂಬ ಸಲ ಅನ್ನಿಸಿತು. ಬಿಡುವುದಿಲ್ಲ.

5

(ನಾಲ್ಕನೆಯದರಲ್ಲಿ ನನಗೂ ಭರತನಿಗೂ ನಡುವೆ ಪ್ರೇಮ ಹುಟ್ಟಿಸಿದ್ದೆ. ಅವನಿಗೆ ತೋರಿಸಿದಾಗ “ಪುತ್ತೂರಿನ ಹುಡುಗಿ ಜೊತೆ ನನ್ನ ನಿಶ್ಚಿತಾರ್ಥ ಆಗಿದೆ, ಅವಳು ಓದಿದರೆ ನನ್ನ ಗತಿ ಎಂತ?” ಎಂದ. ತೆಗೆದೆ.)

ಮಾರ್ಚ್ 17, ಭಾನುವಾರ. ಸಂಜೆ ನಾಲ್ಕು ಗಂಟೆ. ‘ಕಿರ್ರ್ ಉಳಿಸಿ’ ಬಳಗದ ಐವತ್ತು ಜನ ಬ್ಯಾನರ್ ಹಿಡಿದು ಪಾರ್ಕಿಗೆ ಬಂದಿದ್ದೆವು. ಭರತನೂ ಬಂದಿದ್ದ, ವೀಲಿನ ಮೇಲಿನ ಪ್ರೀತಿಗಲ್ಲ. ಮಂಗಳೂರಿನಿಂದ ಬಂದಿದ್ದ ಅವನ ಅಕ್ಕನ ಮಗಳು, ಆರು ವರ್ಷದ್ದು, ಹಟ ಹಿಡಿದಿತ್ತು. ಇಬ್ಬರೂ ಹತ್ತಿದರು. ಹನ್ನೆರಡೂ ತೊಟ್ಟಿಲು ಭರ್ತಿ, ಒಂದೊಂದರಲ್ಲಿ ನಾಲ್ಕು ಜನ.

ಮೂರನೇ ಸುತ್ತಿನಲ್ಲಿ ಅಂಬುಬಾಯಿ ಲಿವರ್ ಎಳೆದು ಮೋಟರು ಆರಿಸಿಬಿಟ್ಟಳು.

ಭರತನ ತೊಟ್ಟಿಲು ಹೆಚ್ಚುಕಡಿಮೆ ತುದಿಯಲ್ಲಿತ್ತು. ಮೇಲಿನವರು ಇದೂ ಆಟದ ಭಾಗವೆಂದುಕೊಂಡು ಕೇಕೆ ಹಾಕಿದರು. ಆಕೆ ಮೋಟರಿನ ಬೆಲ್ಟ್ ಕಳಚಿ ತೋಳಿಗೆ ಸಿಕ್ಕಿಸಿಕೊಂಡು ಸಾಲಿನ ಕಡೆ ತಿರುಗಿದಳು.

“ಆಠ್ ಮರದಾಂ ಆವ್! ಹಾಥ್ ಸೇ ಖೀಂಚನಾ ಹೈ!”

ಎಂಟು ಗಂಡಸರು ಬಂದರು. ಗಾಲಿಯ ಅಂಚು ಹಿಡಿದು ಕೈಯಲ್ಲೇ ಮೆಲ್ಲಗೆ ಎಳೆಯಬೇಕು. ಒಂದು ತೊಟ್ಟಿಲು ಕೆಳಗೆ ಬಂದರೆ ಅದನ್ನು ಇಳಿಸಿ, ಆಮೇಲೆ ಸರಿಯಾಗಿ ಅದರ ಎದುರಿನದ್ದನ್ನು ತಂದು ಇಳಿಸಬೇಕು. ಇಲ್ಲವಾದರೆ ಭಾರ ಒಂದೇ ಕಡೆಯಾಗಿ ಗಾಲಿ ತಾನಾಗಿ ಹೊರಳುತ್ತದೆ. ಆಕೆ ಒಂದೊಂದು ತೊಟ್ಟಿಲಿನ ನಂಬರು ಕೂಗುತ್ತಿದ್ದಳು. ನಾನು ಬ್ಯಾನರ್ ಕೆಳಗಿಟ್ಟು ಹೋಗಿ ಅಂಚು ಹಿಡಿದೆ. ಕಬ್ಬಿಣ ಬಿಸಿಯಾಗಿತ್ತು. ಒಮ್ಮೆ, ಗಾಲಿ ಅರ್ಧ ತಿರುಗಿದಾಗ, ಕಟ್ ಎಂದಿತು. ಈ ಸಲ ಕೈ ಇಡಬೇಕಾಗಿರಲಿಲ್ಲ. ಎಂಟೂ ಗಂಡಸರು ಒಟ್ಟಿಗೆ ತಲೆಯೆತ್ತಿದರು.

ಎಲ್ಲರನ್ನೂ ಇಳಿಸಲು ನಲವತ್ತು ನಿಮಿಷ ಹಿಡಿಯಿತು. ಭರತ ಕೊನೆಯವರಲ್ಲಿ ಒಬ್ಬ. ಮಗುವನ್ನು ಎದೆಗೆ ಒತ್ತಿಕೊಂಡು ಇಳಿದ. ಅದಕ್ಕೆ ಏನೂ ಗೊತ್ತಾಗಿರಲಿಲ್ಲ, ಇನ್ನೊಂದು ರೌಂಡ್ ಬೇಕೆಂದು ಅಳುತ್ತಿತ್ತು.

ಸಾಲಿನಲ್ಲಿದ್ದವರು ಕೂಗತೊಡಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ನನ್ನ ಬಳಗದವರೇ. ವೀಲನ್ನು ಬೇಗ ಮುಚ್ಚಲು ಇದೆಲ್ಲ ಮ್ಯಾನೇಜರಿನ ಸಂಚು ಎಂದು ಅವರ ತೀರ್ಮಾನ. ಪ್ರಸಾದಗಾರು ಓಡಿ ಬಂದರು.

“ಏಮ್ಮಾ, ಎವರಿನಿ ಅಡಿಗಿ ಆಪಾವು?” ಯಾರನ್ನು ಕೇಳಿ ನಿಲ್ಲಿಸಿದೆ ಎಂದು. “ಬೆಲ್ಟ್ ಇಲಾ ಇವ್ವು!” ಎಂದು ಕೈ ಚಾಚಿದರು.

“ನಕ್ಕೋ ಸಾಬ್. ನೈ ದೇತಿ.” ಕೊಡುವುದಿಲ್ಲ ಎಂದಳು.

ಅವರು ಗೊಲ್ಲಾಳಪ್ಪನನ್ನು ಕರೆಸಿ, ಬೆಲ್ಟ್ ಹಾಕು, ಇಲ್ಲವಾದರೆ ನಾಳೆಯಿಂದ ಇಬ್ಬರೂ ಬರಬೇಡಿ ಎಂದರು. ಅವನು ಹೆಂಡತಿಯ ಮುಂದೆ ಬಂದು ನಿಂತ. ಸುತ್ತ ಇನ್ನೂರು ಜನ.

“ಕೊಡು ಬಾಯಿ. ಮಂದ್ಯಾಗ ಮಾನ ಕಳೀಬ್ಯಾಡ.”

“ಮ್ಯಾಲ ಹತ್ರಿ. ಬೇರಿಂಗ್ ಮುಚ್ಚಳ ಬಿಚ್ರಿ, ಶಾಫ್ಟ್ ನೋಡ್ರಿ. ಏನೂ ಇಲ್ಲಂದ್ರ ಇದೇ ಮಂದಿ ಮುಂದ ನಿಮ್ಮ ಕಾಲ ಹಿಡೀತೀನಿ. ನನ್ನ ಕೈಯಾರೆ ಬೆಲ್ಟ್ ಹಾಕ್ತೀನಿ.”

ಅವನು ಅವಳನ್ನೇ ನೋಡಿದ. ಆಮೇಲೆ ನಟ್ಟು ಬಿಚ್ಚುವ ಪಾನಾ ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಹತ್ತಿದ.

ಮೇಲಿನಿಂದ ಸೀಮೆಎಣ್ಣೆ ಮತ್ತು ಖಡು ಕೇಳಿದ. ಮಿರ್ಚಿ ಅಂಗಡಿಯ ಸ್ಟೋವಿನಿಂದ ಸೀಮೆಎಣ್ಣೆ ಬಂತು, ಟಿಕೆಟ್ ಕೌಂಟರಿನ ಹಲಗೆಯ ಪಕ್ಕದಿಂದ ಸೀಮೆಸುಣ್ಣದ ಖಡು. ಆಮೇಲೆ ಬಾಲಾನಗರದ ಲೇತ್ ಶಾಪಿನಲ್ಲಿ ನನಗೆ ವಿವರಿಸಿದರು: ಗ್ರೀಸ್ ಒರೆಸಿ ಕಬ್ಬಿಣಕ್ಕೆ ಸೀಮೆಎಣ್ಣೆ ಸವರಬೇಕು, ಒಣಗಿಸಿ ಮೇಲೆ ಸುಣ್ಣದ ಪುಡಿ ಉಜ್ಜಬೇಕು. ಬಿರುಕು ಇದ್ದರೆ ಒಳಗೆ ಕೂತ ಎಣ್ಣೆ ಸುಣ್ಣಕ್ಕೆ ಹತ್ತಿಕೊಂಡು ಗೆರೆ ಮೂಡುತ್ತದೆ. ಅವತ್ತು ನನಗೆ ಅದೆಲ್ಲ ಗೊತ್ತಿರಲಿಲ್ಲ. ಒಬ್ಬ ಮನುಷ್ಯ ಎತ್ತರದಲ್ಲಿ ಕಂಬವನ್ನು ತಬ್ಬಿ, ಬಟ್ಟೆಯಲ್ಲಿ ಏನನ್ನೋ ಒರೆಸಿ ಒರೆಸಿ ನೋಡುವುದು ಮಾತ್ರ ಕಾಣುತ್ತಿತ್ತು.

(ಇಲ್ಲಿ ನಿಲ್ಲಿಸಿ ನಿಮಗೆ ಎರಡು ಮುಕ್ತಾಯ ಕೊಡಬಹುದು. ಅ: ಶಾಫ್ಟ್ ಎರಡು ತುಂಡು, ಅಂಬುಬಾಯಿಗೆ ಹಾರ. ಆ: ಏನೂ ಇಲ್ಲ, ಆಕೆ ಇನ್ನೂರು ಜನರ ಮುಂದೆ ಕಾಲು ಹಿಡಿಯುತ್ತಾಳೆ. ಎರಡನ್ನೂ ಬರೆದು ನೋಡಿದೆ. ಎರಡರಲ್ಲೂ ಗೊಲ್ಲಾಳಪ್ಪ ಬರೀ ಏಣಿ ಹತ್ತುವವನು. ಅವನು ಅಷ್ಟೇ ಆಗಿರಲಿಲ್ಲ.)

ಅವನು ಇಳಿದು ಬಂದ. ಬೇಕಿದ್ದರೆ ಸುಳ್ಳು ಹೇಳಬಹುದಿತ್ತು. ಅಷ್ಟು ಎತ್ತರಕ್ಕೆ ಹೋಗಿ ನೋಡುವವರು ಇನ್ಯಾರೂ ಇರಲಿಲ್ಲ. ಮ್ಯಾನೇಜರಿನ ಕಡೆ ನೋಡದೆ, ಹೆಂಡತಿಯ ಕಡೆ ನೋಡಿ ಹೇಳಿದ:

“ಐತಿ.”

ಕಿರುಬೆರಳಿನಷ್ಟು ಉದ್ದ, ಕೂದಲಿನಷ್ಟು ದಪ್ಪದ ಬಿರುಕು. ತಾನು ವಾರ ವಾರ ಗ್ರೀಸ್ ಹಚ್ಚುತ್ತಿದ್ದ ಜಾಗದಲ್ಲೇ. ಹೇಳಿ ಮುಗಿಸಿ ಅವನು ಮಿರ್ಚಿ ಅಂಗಡಿಯ ಹಿಂದೆ ಹೋಗಿ ಕೂತುಬಿಟ್ಟ. ಅಂಬುಬಾಯಿ ಬೆಲ್ಟನ್ನು ಪ್ರಸಾದಗಾರಿಗೆ ಕೊಟ್ಟು, ಒಂದು ಗ್ಲಾಸು ನೀರು ತಗೊಂಡು ಅವನ ಹಿಂದೆಯೇ ಹೋದಳು.

6

ಆ ಶಾಫ್ಟ್ ಯಾವಾಗ ಮುರಿಯುತ್ತಿತ್ತು? ಬಾಲಾನಗರದ ಲೇತ್ ಶಾಪಿನ ವೈಜನಾಥ, ಗೊಲ್ಲಾಳಪ್ಪನ ಹಳೆಯ ಜೊತೆಗಾರ, ನನಗೆ ಹೇಳಿದ್ದಿಷ್ಟು: “ಎರಡ ವರ್ಷ ತಾಳತಿತ್ತೋ, ಮುಂದಿನ ಸುತ್ತಿಗೇ ಹೋಗತಿತ್ತೋ, ಯಾವ ಮಗಾ ಹೇಳ್ಯಾನ್ರಿ?”

ಮರುವಾರ ಪಾರ್ಕಿಗೆ ಹೋದಾಗ ಪ್ರಸಾದಗಾರು ವೀಲನ್ನು ಆಗಲೇ ಗುಜರಿಗೆ ಹಾಕುವ ಮಾತಾಡುತ್ತಿದ್ದರು. ಅಂಬುಬಾಯಿ ಅವರ ಬಾಗಿಲಲ್ಲಿ ನಿಂತಿದ್ದಳು. ಹೊಸ ಶಾಫ್ಟ್ ಹಾಕಿಸಿ ಎಂದು.

“ನಿಲ್ಲಬೇಕು ಅಂತಿದ್ದಿರಲ್ಲ?” ಎಂದೆ.

“ಕೆಟ್ಟದ್ದು ನಿಲ್ಲಬೇಕು ಅಂದೆ. ರಿಪೇರಿ ಮಾಡಬ್ಯಾಡ್ರಿ ಅಂದೆನೇನು?” ಎಂದು ನನ್ನನ್ನೇ ಗದರಿದಳು. “ನೀವು ಬರೀತೀರಲ್ಲ. ಈಗ ಬರೀರಿ. ಆತ್ಮಾ ಗೀತ್ಮಾ ಬ್ಯಾಡ. ಶಾಫ್ಟ್ ಅಂತ ಬರೀರಿ.”

ಬರೆದೆ. ಒಂದೇ ಪುಟ. ‘ಹೊಸ ಶಾಫ್ಟ್ ಹಾಕುವವರೆಗೆ ವೀಲು ನಡೆಸಬಾರದು. ಹಾಕಿದ ಮೇಲೆ ನಡೆಸಬೇಕು.’ ನನ್ನ ಜೀವನದಲ್ಲಿ ನಾನು ಬರೆದ ಅತ್ಯುತ್ತಮ ಕೈಪಿಡಿ ಅದು. ಹಳೆಯ ನಾನೂರಾ ಹನ್ನೆರಡು ಜನರ ಹತ್ತಿರ ಒಯ್ದೆ. ಮೂವತ್ತೇಳು ಜನ ಸಹಿ ಹಾಕಿದರು. ಉಳಿದವರಿಗೆ ರಿಪೇರಿಯಾದ ವೀಲಿನಲ್ಲಿ ಆಸಕ್ತಿ ಇರಲಿಲ್ಲ. ಮೂವತ್ತೆಂಟನೆಯ ಸಹಿ ಭರತನದು. ನಾನು ಕೇಳಿರಲಿಲ್ಲ, ಅವನೇ ಡೆಸ್ಕಿಗೆ ಬಂದು ಪೆನ್ನು ಕಿತ್ತುಕೊಂಡ.

“ನನಗೆ ಈಗಲೂ ಅದನ್ನು ಕಂಡರೆ ಆಗುದಿಲ್ಲ, ಗೊತ್ತುಂಟಲ್ಲ? ಆದ್ರೆ ತಿರುಗುದಾದ್ರೆ ಸರಿ ತಿರುಗಲಿ.”

ಪಾರ್ಕಿನ ಮಾಲೀಕರು ಆ ಸಹಿಗಳನ್ನು ನೋಡಿ ಒಪ್ಪಿದರೋ, ಬಿರುಕಿನ ಸುದ್ದಿ ಹಬ್ಬಿದರೆ ಹೊಸ ರೈಡಿಗೂ ಜನ ಬರಲಾರರೆಂದು ಹೆದರಿ ಒಪ್ಪಿದರೋ, ಅದರ ಬಗ್ಗೆಯೂ ಎರಡು ಅಭಿಪ್ರಾಯಗಳಿವೆ. ಒಪ್ಪಿದರು. ಗೊಲ್ಲಾಳಪ್ಪ ಹದಿನೆಂಟು ದಿನ ವೈಜನಾಥನ ಲೇತಿನ ಮುಂದೆ ನಿಂತು ಶಾಫ್ಟ್ ಕಡೆಸಿದ. ಬೇರೆಯವರ ಕೈಗೆ ಅಳತೆ ನೋಡಲೂ ಬಿಡಲಿಲ್ಲವಂತೆ. ಏಪ್ರಿಲ್ ಕೊನೆಯಲ್ಲಿ ವೀಲು ಎದ್ದು ನಿಂತಿತು. ತೊಟ್ಟಿಲುಗಳಲ್ಲಿ ಮರಳಿನ ಚೀಲ ತುಂಬಿ ಅಂಬುಬಾಯಿ ನೂರು ಸುತ್ತು ತಿರುಗಿಸಿದಳು, ಕಂಬದ ಮೇಲೆ ಅಂಗೈ ಇಟ್ಟುಕೊಂಡೇ. ನೂರು ಮುಗಿದ ಮೇಲೆ ಒಂದು ಚೀಲ ಇಳಿಸಿ ಆ ಜಾಗದಲ್ಲಿ ತಾನು ಕೂತಳು. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲ ಸಲ. ಲಿವರ್ ಹಿಡಿದದ್ದು ಗೊಲ್ಲಾಳಪ್ಪ. ಅವಳು ತುದಿಗೆ ಹೋದಾಗ ಅವನು ನಿಲ್ಲಿಸಿದ.

ಕಥೆ ಇಲ್ಲಿ ಮುಗಿಯಬೇಕಿತ್ತು. ಎಷ್ಟು ಒಳ್ಳೆಯ ಜಾಗ! ಆದರೆ ಆಕೆ ಮೇಲಿನಿಂದ ಕೂಗಿದಳು: “ಏನ್ರೀ, ಇಳಸ್ತೀರೋ ಇಲ್ಲೋ? ಕೆಲಸ ಬಿದ್ದಾವು!”

7

ಮೇ ತಿಂಗಳ ಒಂದು ಶನಿವಾರ, ಪಾರ್ಕು ತೆರೆಯುವ ಮೊದಲು, ಇಲ್ಲಿಯವರೆಗೆ ಬರೆದದ್ದನ್ನು ಗಂಡ ಹೆಂಡತಿ ಇಬ್ಬರಿಗೂ ಓದಿ ಹೇಳಿದೆ. ಗೊಲ್ಲಾಳಪ್ಪ ಕಿವಿಯಲ್ಲಿ ಇಲಿ ಹೊಕ್ಕ ಮಾತು ತೆಗೆಯಲು ಹೇಳಿದ. ಅಂಬುಬಾಯಿ ಅದನ್ನು ಇಡಲೇಬೇಕೆಂದಳು. (ಇಟ್ಟಿದ್ದೇನೆ.) ಆಮೇಲೆ ಆಕೆ ಕೇಳಿದಳು: “ಆ ದಿನದ್ದು ಇನ್ನೊಮ್ಮೆ ಓದ್ರಿ. ನಾ ಲಿವರ್ ಎಳದದ್ದು.”

ಓದಿದೆ. ಆಗ ಅಲ್ಲಿ ‘ಅಂಬುಬಾಯಿ ಧೈರ್ಯದಿಂದ ಲಿವರ್ ಎಳೆದಳು’ ಎಂದಿತ್ತು.

“ಧೈರ್ಯ ಅಲ್ರಿ,” ಎಂದಳು. “ಅಂಜಿದ್ದೆ. ಮಂದಿ ಬೈತಾರಂತ ಅಲ್ಲ, ಆ ಕೂಸು ಮ್ಯಾಲ ಇತ್ತಲ್ಲ, ಅದು ನನ್ನ ನೋಡಿ ಕೈ ಬೀಸ್ತು. ತಿಂಗಳಾನುಗಟ್ಟಲೆ ಕಟ್ ಅನ್ನೋದು ಕೇಳಿಕೋತ ನಾನೂ ನಡಿಸಿದೆ. ಅವತ್ತ ಅಂಜಿಕಿ ತಡಿಲಾರದ ನಿಲ್ಲಿಸಿದೆ. ಹಂಗ ಬರೀರಿ.”

ಗೊಲ್ಲಾಳಪ್ಪ ತಟ್ಟನೆ ಅವಳ ಕಡೆ ತಿರುಗಿದ. ಅವನಿಗೂ ಅದು ಹೊಸ ಸುದ್ದಿಯೆಂದು ಕಾಣುತ್ತದೆ. ನಾನು ‘ಧೈರ್ಯದಿಂದ’ ಎಂಬ ಪದ ಹೊಡೆದುಹಾಕಿದೆ.

ಗೇಟಿನ ಮೇಲಿನ ಬೋರ್ಡು ಹಾಗೆಯೇ ಇದೆ. ಜೂನ್‌ಗೆ ಇನ್ನು ಹದಿನಾಲ್ಕು ದಿನ. ವೀಲು ಉಳಿಯುತ್ತದೋ ಹೋಗುತ್ತದೋ ಪ್ರಸಾದಗಾರಿಗೇ ಗೊತ್ತಿಲ್ಲ. ಭರತನಿಗೆ ಹೋಗಬೇಕು, ನನಗೆ ಇರಬೇಕು.

“ಹಾಗಾದರೆ ಕಥೆ ಹೇಗೆ ಮುಗಿಸಲಿ?” ಎಂದು ಕೇಳಿದೆ. “ಜೂನ್‌ನಲ್ಲಿ ಏನಾಗುತ್ತೆ?”

ಗೇಟು ತೆರೆದಿದ್ದರು. ಜನ ಬರತೊಡಗಿದ್ದರು. ಅಂಬುಬಾಯಿ ಎದ್ದು ಖಾಕಿ ಅಂಗಿಯ ಗುಂಡಿ ಹಾಕಿಕೊಂಡು ಲಿವರಿನ ಕಡೆ ನಡೆದಳು.

“ಜೂನಿಂದು ಜೂನ್‌ನ್ಯಾಗ ನೋಡೋಣು. ನೀವು ಸಾಲ್ ಬಿಟ್ಟು ಈಚೆ ಸರೀರಿ ಅಕ್ಕಾರ, ಮಂದಿ ಹತ್ತಬೇಕು.”